ಮಣ್ಣು ರಸ್ತೆ, ಮಾವನ ಮಂಡಿ, ದಿನಾ ನಲವತ್ತು ಕಿಲೋಮೀಟರ್: ಯಾವ ಗಾಡಿ ತಗೊಳ್ಳಲಿ?

ಆಲ್ದೂರು ಫಿಸಿಕ್ಸ್ | 12 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬೇರೆಯವರ ಪ್ರಶ್ನೆ ಓದ್ಕೊಂಡು ಸುಮ್ಮನಿದ್ದೆ, ಈಗ ನನ್ನ ಸರದಿ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ. ಚಿಕ್ಕದಾಗಿ ಕೇಳಿದ್ರೆ "ಬಜೆಟ್ ಎಷ್ಟು, ಓಡಾಟ ಎಷ್ಟು" ಅಂತ ಹತ್ತು ಜನ ತಿರುಗಿ ಕೇಳೋದೇ ಆಗುತ್ತೆ.

ಮನೆ ಆಲ್ದೂರಿಂದ ಒಳಗಡೆ, ನಾಲ್ಕೂವರೆ ಎಕರೆ ತೋಟದ ಮಧ್ಯ. ನಾನು ಚಿಕ್ಕಮಗಳೂರಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡ್ತೀನಿ. ಹೋಗಿ ಬರೋದು ಸೇರಿ ದಿನಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್. ಅದ್ರಲ್ಲಿ ಕೊನೇ ಒಂದೂಕಾಲು ಕಿಲೋಮೀಟರ್ ಮಣ್ಣು ರಸ್ತೆ. ಪ್ರತಿ ಎಲೆಕ್ಷನ್ನಿಗೂ ಯಾರಾದ್ರೂ ಟೇಪ್ ಹಿಡಿದು ಅಳೆದುಕೊಂಡು ಹೋಗ್ತಾರೆ, ಅಲ್ಲಿಗೆ ಮುಗೀತು. ಆ ರಸ್ತೆ ಹೇಗೋ ಸಹಿಸಬಹುದು. ತೋಟದ ಬಾಗಿಲಿನ ಉಣುಗೋಲು ದಾಟಿದ ಮೇಲೆ ಮನೆ ಅಂಗಳಕ್ಕೆ ಒಂದು ಏರಿದೆ, ಎಂಬತ್ತು ಅಡಿ ಉದ್ದ, ಮೇಲೆ ಹೋಗ್ತಾ ಹೋಗ್ತಾ ಎಡಕ್ಕೆ ತಿರುಗುತ್ತೆ. ಅದೇ ನನ್ನ ಶತ್ರು. ಜೂನ್ ಹದಿನೈದರಿಂದ ಸೆಪ್ಟೆಂಬರ್ ತನಕ ಅಲ್ಲಿ ಕೆಮ್ಮಣ್ಣು ಸೋಪಿನ ಥರ ಆಗಿರುತ್ತೆ. ಗಾಡಿ ಉಣುಗೋಲಿನ ಹತ್ರ ಬಿಟ್ಟು, ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಉತ್ತರಪತ್ರಿಕೆ ಕಟ್ಟು, ಕಾಲಲ್ಲಿ ಇಂಬಳ, ಅಂದ್ರೆ ಜಿಗಣೆ. ಹೀಗೆ ನಾಲ್ಕು ಮಳೆಗಾಲ ಕಳೆದಿದ್ದೀನಿ.

ಈಗಿರೋದು ಹನ್ನೊಂದು ವರ್ಷದ ಸಣ್ಣ ಕಾರು. ಪಾಪ, ಅದ್ರದ್ದೇನೂ ತಪ್ಪಿಲ್ಲ. ಈ ಜುಲೈನಲ್ಲಿ ರಸ್ತೆ ನಡುವಿನ ದಿಬ್ಬಕ್ಕೆ ಹೊಟ್ಟೆ ತಾಗಿ ಆಯಿಲ್ ಚೇಂಬರ್ ಒಡೀತು. ಕಾಲೇಜಿಗೆ ಹೊರಟವಳು ಕನ್ನಡಿಲಿ ನೋಡ್ತೀನಿ, ಹಿಂದೆ ರಸ್ತೆ ಉದ್ದಕ್ಕೂ ಕಪ್ಪು ಗೆರೆ. ಗೆರೆ ಆಲ್ದೂರು ತನಕ ಬಂದಿತ್ತು.

ನಮ್ಮನೆಯವರದ್ದು ಒಂದೇ ಮಾತು, ಸ್ಕಾರ್ಪಿಯೋ ಎನ್. "ಮಲೆನಾಡಲ್ಲಿ ಇದ್ಕೊಂಡು ಕಾರು ತಗೊಳ್ಳೋರು ಯಾರು" ಅಂತಾರೆ. ತೋಟದ ಕೆಲಸಕ್ಕೆ ಹಳೇ ಜೀಪ್ ಇದೆ, ಗೊಬ್ಬರ, ಕಾಫಿ ಮೂಟೆ ಎಲ್ಲಾ ಅದ್ರಲ್ಲೇ ಹೋಗೋದು. ಹೊಸ ಗಾಡಿ ದಿನಾ ಓಡಿಸೋದು ನಾನು, ಕಾಲೇಜಿನ ಕಿರಿದಾದ ಗೇಟಲ್ಲಿ ತಿರುಗಿಸೋದೂ ನಾನು. ಮಾವನಿಗೆ ಎಪ್ಪತ್ತಾರು, ಬಲಗಾಲಿನ ಮಂಡಿ ಬದಲಾಯಿಸಿದೆ. ತಿಂಗಳಿಗೊಂದು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಕರ್ಕೊಂಡು ಹೋಗ್ಬೇಕು. ಜೀಪಿಗೆ ಹತ್ತೋಕೆ ಆಗಲ್ಲ, ಸಣ್ಣ ಕಾರಲ್ಲಿ ಕೂತ್ರೆ ಏಳೋಕೆ ಆಗಲ್ಲ. ಅತ್ತೆಗೆ ಗಾಡಿ ತೂಗಿದ್ರೆ ವಾಂತಿ, ಕೊಟ್ಟಿಗೆಹಾರ ಬರೋ ಮುಂಚೆನೇ ನಿಂಬೆಹಣ್ಣು ಮೂಗಿಗೆ ಹಿಡ್ಕೊಳ್ತಾರೆ.

ಬಜೆಟ್ ಆನ್ ರೋಡ್ ಹದಿನೇಳು, ಎಳೆದ್ರೆ ಹದಿನೆಂಟು ಲಕ್ಷ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ಖುಷಿಯಾಗಿತ್ತು. ಆಮೇಲೆ ನೋಡಿದ್ರೆ ಸಣ್ಣ ಗಾಡಿಗೆ 18 ಪರ್ಸೆಂಟು, ನಾಲ್ಕು ಮೀಟರ್ ದಾಟಿದ್ದಕ್ಕೆ 40. ಮುಂಚೆ ಸೆಸ್ ಎಲ್ಲಾ ಸೇರಿ 45 ಇತ್ತಂತೆ, ಸರಿ, ಐದಾದ್ರೂ ಕಮ್ಮಿ ಆಯ್ತಲ್ಲ. ಆದ್ರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಹಾಗೇ ಇದೆ. ಹದಿನಾಲ್ಕು ಲಕ್ಷದ ಗಾಡಿಗೆ 17 ಪರ್ಸೆಂಟಿನಂತೆ 2,38,000, ಅದರ ಮೇಲೆ 11 ಪರ್ಸೆಂಟು ಸೆಸ್ 26,180. ಎರಡೂ ಮುಕ್ಕಾಲು ಲಕ್ಷದ ಹತ್ರ ರಸ್ತೆ ತೆರಿಗೆ ಕಟ್ಟಿ ಮಣ್ಣು ರಸ್ತೆಲಿ ಹೋಗ್ಬೇಕು!

ಕ್ರೆಟಾ, ಸೆಲ್ಟೋಸ್, ಎಲಿವೇಟ್, ಗ್ರ್ಯಾಂಡ್ ವಿಟಾರಾ, ಟೈಗುನ್ ಇಷ್ಟು ತಲೇಲಿದೆ. ಕಾರಿನ ಮೈಕಟ್ಟಿನ ಇಂಥ ಗಾಡಿಗಳು ನಮ್ಮ ಏರು ಹತ್ತುತ್ವಾ? ಮುಂದಿನ ಚಕ್ರದ ಎಳೆತ ಸಾಕಾ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋದು ಬೇಕೇ ಬೇಕಾ? ಡೀಸೆಲ್ಲಾ ಪೆಟ್ರೋಲಾ? ಸನ್‌ರೂಫ್ ಬಗ್ಗೆ ದಯವಿಟ್ಟು ಯಾರೂ ಬರೀಬೇಡಿ. ವರ್ಷದಲ್ಲಿ ಐದು ತಿಂಗಳು ತಲೆ ಮೇಲೆ ನೀರು ಬೀಳೋ ಊರು ನಮ್ದು.

ಹಾನುಬಾಳ್ ಡಸ್ಟರ್ | 12 ಅಕ್ಟೋಬರ್

ಮೇಡಂ, ನಿಮ್ಮ ಕಪ್ಪು ಗೆರೆ ಓದಿ ನಗು ಬಂತು, ಕ್ಷಮಿಸಿ. ನಮ್ಮ ಕಡೆ ಆ ಗೆರೆ ಎಳೀದೇ ಇರೋರು ಯಾರೂ ಇಲ್ಲ.

ಸಕಲೇಶಪುರ ತಾಲ್ಲೂಕಿನ ಹಾನುಬಾಳ್ ಕಡೆಯವನು ನಾನು. 2012ರಲ್ಲಿ ರೆನೋ ಡಸ್ಟರ್ ಬಂದಾಗ ನಮ್ಮೂರ ಪ್ಲಾಂಟರುಗಳೆಲ್ಲಾ "ಇದು ಜೀಪೂ ಅಲ್ಲ ಕಾರೂ ಅಲ್ಲ" ಅಂತ ಮೂಗು ಮುರಿದ್ರು. 2014ರಲ್ಲಿ ನಾಲ್ಕೂ ಚಕ್ರ ಎಳೆಯೋದು ಬಂತು, ಮಾರನೇ ವರ್ಷ ನಾನು ತಂದೆ. ಮೊದಲ ಗೇರ್ ತುಂಬಾ ಚಿಕ್ಕದು ಅದ್ರಲ್ಲಿ. ಕ್ಲಚ್ ಬಿಟ್ಟು ಕೂತ್ರೆ ಸಾಕು, ಮುದುಕ ಕೋಲೂರಿಕೊಂಡು ಹತ್ತಿದ ಹಾಗೆ ಹತ್ತುತ್ತೆ. ಒಂದು ಲಕ್ಷದ ತೊಂಬತ್ತು ಸಾವಿರ ಓಡಿದೆ. 2022ರಲ್ಲಿ ಇಲ್ಲಿ ತಯಾರಿಕೆ ನಿಂತಾಗ ನಮ್ಮನೇಲಿ ಒಂದು ದಿನ ಸೂತಕ.

ಆದ್ರೆ ಒಂದು ಸತ್ಯ ಹೇಳ್ತೀನಿ. ಹತ್ತು ವರ್ಷದಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ಆ ಲಾಕ್ ಸ್ವಿಚ್ ನಾನು ಎಷ್ಟು ಸಲ ತಿರುಗಿಸಿರಬಹುದು ಅಂತ ಲೆಕ್ಕ ಹಾಕಿದೆ. ವರ್ಷಕ್ಕೆ ಹತ್ತು ಹನ್ನೆರಡು ಸಲ. ಅದ್ರಲ್ಲಿ ಅರ್ಧ ಸಲ ನೆಂಟರಿಗೆ ತೋರಿಸೋಕೆ. ಬಾಕಿ ದಿನ ಅದೂ ಮುಂದಿನ ಚಕ್ರದ ಗಾಡಿನೇ. ಈಗಿನವೂ ಹಾಗೇ, ಮಾಮೂಲಿ ದಿನ ಮುಂದಿನ ಎರಡೇ ಎಳೆಯೋದು, ಅವು ಜಾರಿದಾಗ ಹಿಂದಿನವಕ್ಕೂ ಶಕ್ತಿ ಹೋಗುತ್ತೆ.

ನೀವು ಹೇಳೋ ಸೈಜಲ್ಲಿ ನಾಲ್ಕು ಚಕ್ರ ಬೇಕಂದ್ರೆ ಗ್ರ್ಯಾಂಡ್ ವಿಟಾರಾ, ಅದರ ಅಣ್ಣತಮ್ಮ ಟೊಯೋಟಾ ಹೈರೈಡರ್, ಈಗ ಹೊಸದಾಗಿ ಬಂದಿರೋ ವಿಕ್ಟೋರಿಸ್ ನೋಡಿ. ಕ್ರೆಟಾ, ಸೆಲ್ಟೋಸ್, ಎಲಿವೇಟ್, ಟೈಗುನ್ ಯಾವುದ್ರಲ್ಲೂ ಕೊಡಲ್ಲ. ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆ ದೊಡ್ಡ ಬ್ಯಾಟರಿ, ಮೋಟರೂ ಇರೋದು) ಬೇಕು, ನಾಲ್ಕು ಚಕ್ರನೂ ಬೇಕು ಅಂದ್ರೂ ಆಗಲ್ಲ, ಎರಡ್ರಲ್ಲಿ ಒಂದು.

ಸ್ಕಾರ್ಪಿಯೋ ಬಗ್ಗೆ ನಿಮ್ಮ ಯಜಮಾನ್ರಿಗೆ ಬೇಜಾರಾಗೋ ಮಾತು ನಾನು ಆಡಲ್ಲ. ಒಳ್ಳೇ ಗಾಡಿ. ಅತ್ತೆನ ಕೂರಿಸಿಕೊಂಡು ಚಾರ್ಮಾಡಿ ಇಳಿದು ನೋಡಿ ಅಷ್ಟೇ.

ಕಾಡುಕೋಣ | 12 ಅಕ್ಟೋಬರ್

ಫಾರ್ಚೂನರ್ ತಗೊಳ್ಳಿ, ತಲೆನೋವೇ ಇಲ್ಲ.

ಆಲ್ದೂರು ಫಿಸಿಕ್ಸ್ | 12 ಅಕ್ಟೋಬರ್

ತಲೆನೋವು ನನಗಿರಲ್ಲ ಸರ್, ಬ್ಯಾಂಕಿನವರಿಗೆ ಶುರುವಾಗುತ್ತೆ.

ಬಿ.ಎಂ. ರೋಡ್ ಗ್ಯಾರೇಜ್ | 13 ಅಕ್ಟೋಬರ್

ಮೇಡಂ ನಮಸ್ತೆ. ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ಇಟ್ಕೊಂಡಿದ್ದೀನಿ. ನೆಟ್ಟಗೆ ಬರೆಯೋಕೆ ಬರಲ್ಲ, ಗೊತ್ತಿರೋದು ಹೇಳ್ತೀನಿ.

ಸ್ಕಾರ್ಪಿಯೋ, ಬೊಲೆರೊ, ಥಾರ್ ಇವುಕ್ಕೆ ಕೆಳಗೆ ಏಣಿ ಥರ ಉಕ್ಕಿನ ಚಾಸಿ, ಮೇಲೆ ಬಾಡಿ ತಂದು ಕೂರಿಸ್ತಾರೆ. ಕಲ್ಲು ಬಂಡೆ ಮೇಲೆ ದಿನಾ ಹತ್ತಿಳಿಯೋರಿಗೆ, ಭಾರ ಎಳೆಯೋರಿಗೆ ಅದೇ ಸರಿ. ಕ್ರೆಟಾ ಥರದ್ದಕ್ಕೆ ಬೇರೆ ಚಾಸಿ ಅಂತಿಲ್ಲ, ಬಾಡಿ ಚಾಸಿ ಎಲ್ಲಾ ಒಂದೇ ಚಿಪ್ಪು. ಅದಕ್ಕೇ ತೂಕ ಕಮ್ಮಿ, ನೆಲಕ್ಕೆ ಕಚ್ಕೊಂಡು ಹೋಗುತ್ತೆ, ತಿರುವಲ್ಲಿ ತೂಗಾಟ ಕಮ್ಮಿ. ನಿಮ್ಮ ಅತ್ತೆ ನಿಂಬೆಹಣ್ಣು ಉಪ್ಪಿನಕಾಯಿಗೆ ಹಾಕ್ಬೋದು.

ಇನ್ನೊಂದು. ಎರಡೇ ಚಕ್ರದ ಸ್ಕಾರ್ಪಿಯೋ ಅಂದ್ರೆ ಹಿಂದಿನ ಚಕ್ರ ತಳ್ಳೋದು. ಏರಲ್ಲಿ ಪರವಾಗಿಲ್ಲ, ಭಾರ ಹಿಂದಕ್ಕೆ ಬೀಳುತ್ತೆ. ಸಮ ಜಾಗದ ಕೆಸರಲ್ಲಿ ಖಾಲಿ ಗಾಡಿ ಇದ್ರೆ ಹಿಂಭಾಗ ಕುಣಿಯುತ್ತೆ. ಮೈಕಟ್ಟು ದೊಡ್ಡದು ಅಂತ ಮಣ್ಣಿಗೆ ಮರ್ಯಾದೆ ಇಲ್ಲ.

ಡೀಸೆಲ್ ವಿಷಯ ಸರಿಯಾಗಿ ಕೇಳಿಸಿಕೊಳ್ಳಿ. 2020ರ ಏಪ್ರಿಲ್‌ನಿಂದ ಬಿಎಸ್ ಆರು ಹೊಗೆ ನಿಯಮ ಬಂತಲ್ಲ, ಆಮೇಲೆ ಡೀಸೆಲ್ ಗಾಡಿ ಸೈಲೆನ್ಸರ್ ಲೈನಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಮಸಿ ತುಂಬಿದಾಗ ಗಾಡಿನೇ ಅದನ್ನ ಸುಟ್ಟು ಖಾಲಿ ಮಾಡ್ಕೊಳ್ಳುತ್ತೆ. ಸುಡಬೇಕಂದ್ರೆ ಬಿಸಿ ಬೇಕು, ಬಿಸಿಗೆ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಬೇಕು. ನಿಮ್ಮ ದಾರಿಲಿ ಮೂರನೇ ಗೇರಿಂದ ನಾಲ್ಕಕ್ಕೆ ಹಾಕೋಷ್ಟರಲ್ಲಿ ತಿರುವು ಬರುತ್ತೆ. ತಿಂಗಳಿಗೆ ಒಬ್ಬರಾದ್ರೂ ಲೈಟ್ ಹತ್ತಿಸಿಕೊಂಡು ನಮ್ಮಲ್ಲಿಗೆ ಬರ್ತಾರೆ, ಎಲ್ಲಾ ಊರೊಳಗೆ ಮಕ್ಕಳನ್ನ ಸ್ಕೂಲಿಗೆ ಬಿಡೋರೇ. ನಾನು ಗಾಡಿ ಮುಟ್ಟಲ್ಲ, ಚನ್ನರಾಯಪಟ್ಟಣ ತನಕ ಹೈವೇಲಿ ಒಂದು ಗೇರ್ ಕಮ್ಮಿ ಇಟ್ಕೊಂಡು ಹೋಗಿ ಬನ್ನಿ ಅಂತ ಕಳಿಸ್ತೀನಿ. ಮುಕ್ಕಾಲು ಪಾಲು ಜನಕ್ಕೆ ಅಷ್ಟಕ್ಕೇ ಸರಿಹೋಗುತ್ತೆ. ಲೈಟ್ ಹತ್ತಿದ್ರೂ ತಿಂಗಳುಗಟ್ಟಲೆ ಓಡಿಸೋರಿಗೆ ದೊಡ್ಡ ಬಿಲ್. ನಿಮ್ದು ತಿಂಗಳಿಗೊಂದು ಮಂಗಳೂರು ಇದೆ, ಹಾಗಾಗಿ ಡೀಸೆಲ್ ಆಗೋದೇ ಇಲ್ಲ ಅನ್ನಲ್ಲ. ಕ್ರೆಟಾ ಡೀಸೆಲ್ 250 ಎನ್ಎಂ (ಎಂಜಿನ್ ತಿರುಗಿಸೋ ಬಲದ ಅಳತೆ) ಎಳೆತ, ಏರಲ್ಲಿ ಮಜಾ ಇದೆ. ಆದ್ರೆ ನಿಮ್ಮ ಲೆಕ್ಕಕ್ಕೆ ನಾನಾದ್ರೆ ಟರ್ಬೋ ಇಲ್ಲದ ಸಾದಾ ಪೆಟ್ರೋಲ್, ಕೈ ಗೇರ್.

ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ಗಾಡಿ ಹೊಟ್ಟೆಗಿರೋ ಎತ್ತರ, ಕಂಪನಿ ಹೇಳೋದು ಖಾಲಿ ಗಾಡಿದು. ಕ್ರೆಟಾ 190, ಎಲಿವೇಟ್ 220 ಮಿಲಿಮೀಟರ್. ಐದು ಜನ, ಒಂದು ಮೂಟೆ ಅಕ್ಕಿ ಹಾಕಿದ್ರೆ ಎಲ್ಲಾ ಕೆಳಗೆ ಕೂರುತ್ತೆ. ನಡು ದಿಬ್ಬ ಎಷ್ಟು ಎತ್ತರ ಇದೆ ಅಂತ ಮೊದಲು ಅಳೀರಿ.

ಕೊನೇದು: ಈಗಿರೋ ಗಾಡಿನ ಆ ಏರಿಗೆ ರಿವರ್ಸಲ್ಲಿ ಹತ್ತಿಸಿ ನೋಡಿದ್ದೀರಾ?

ಕೊಪ್ಪ ಹೈಬ್ರಿಡ್ | 13 ಅಕ್ಟೋಬರ್

ಅಕ್ಕ, ನಾನು ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಇಟ್ಕೊಂಡು ಎರಡು ವರ್ಷ ಆಯ್ತು. ಕೊಪ್ಪ, ಬಾಳೆಹೊನ್ನೂರು, ಜಯಪುರ ಇಷ್ಟ್ರಲ್ಲೇ ಓಡಾಟ, ಔಷಧಿ ಮಾರಾಟದ ಕೆಲಸ. ಮಾರುತಿ ಹೆಸರು ಇದ್ರೂ ತಯಾರಾಗೋದು ಬಿಡದಿಯ ಟೊಯೋಟಾ ಕಾರ್ಖಾನೇಲಿ, ನಮ್ಮ ರಾಜ್ಯದ್ದೇ ಮಾಲು.

ಕಂಪನಿ ಲೆಕ್ಕ ಲೀಟರಿಗೆ 27.97. ನನಗೆ ನಮ್ಮ ಏರಿಳಿತದಲ್ಲಿ ಇಪ್ಪತ್ತೆರಡು ಇಪ್ಪತ್ಮೂರು ಬರುತ್ತೆ, ಅದೂ ಬೇಕಾದಷ್ಟಾಯ್ತು. ಇಳಿಜಾರಲ್ಲಿ ಕಾಲು ಎತ್ತಿದ್ರೆ ಬ್ಯಾಟರಿ ತುಂಬ್ಕೊಳ್ಳುತ್ತೆ, ಮುಂದಿನ ಏರಿಗೆ ಅದೇ ಖರ್ಚು. ಸಂತೆ ಪೇಟೆ ರಷ್ಷಲ್ಲಿ ಎಂಜಿನ್ನೇ ಆನ್ ಆಗಲ್ಲ. ದನಗಳು ದಾರಿ ಬಿಡಲ್ಲ, ಹಾರನ್ ಹೊಡೀಬೇಕು.

ಕಿರಿಕಿರಿನೂ ಹೇಳ್ತೀನಿ. ಡಿಕ್ಕಿ ಕೆಳಗೆ ಬ್ಯಾಟರಿ ಕೂತಿದೆ, ಹಾಗಾಗಿ ಡಿಕ್ಕಿ ಚಿಕ್ಕದು. ಮಾವನಿಗೆ ವೀಲ್‌ಚೇರ್ ಏನಾದ್ರೂ ಇಡಬೇಕಂದ್ರೆ ಮೊದಲೇ ನೋಡ್ಕೊಳ್ಳಿ. ಉದ್ದ ಏರಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಮೂರು ಸಿಲಿಂಡರ್ ಎಂಜಿನ್ ಕೂಗುತ್ತೆ. ಮೊದಲ ಸಲ ಆಗುಂಬೆ ಇಳಿಯುವಾಗ ನಾನೇ ಹೆದರಿದ್ದೆ: ಬ್ಯಾಟರಿ ತುಂಬಿದ ಮೇಲೆ, ಬ್ರೇಕಿಗೆ ಸಹಾಯ ಆಗ್ಲಿ ಅಂತ ಎಂಜಿನ್ ತಾನೇ ಜೋರಾಗಿ ತಿರುಗೋಕೆ ಶುರು ಮಾಡುತ್ತೆ. ಏನೋ ಕೆಟ್ಟುಹೋಯ್ತು ಅಂತ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಅರ್ಧ ಗಂಟೆ ಮಂಗಗಳ ಜೊತೆ ನಿಂತಿದ್ದೆ. ಅದು ಇರೋದೇ ಹಾಗಂತೆ.

ಜಾರು ಏರಿಗೆ ಮುಂದಿನ ಚಕ್ರದ್ದೇ ಇದು, ನಾಲ್ಕು ಚಕ್ರ ಇಲ್ಲ. ನಮ್ಮನೇದು ಡಾಂಬರು ರಸ್ತೆ, ಅದಕ್ಕೇ ನನಗೆ ನಡೀತು.

ಆಲ್ದೂರು ಫಿಸಿಕ್ಸ್ | 26 ಅಕ್ಟೋಬರ್

ದೀಪಾವಳಿ ಗಲಾಟೆಲಿ ಉತ್ತರ ಬರೆಯೋಕೆ ಆಗ್ಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಈ ಎರಡು ವಾರದಲ್ಲಿ ಆಗಿದ್ದು ಹೇಳ್ತೀನಿ.

ಮೊದಲು ರಿವರ್ಸ್. ಬಿ.ಎಂ. ರೋಡ್ ಅಣ್ಣ ಬರೆದಿದ್ದು ಓದಿ ನನ್ನ ತಲೆಗೆ ನಾನೇ ಹೊಡ್ಕೊಂಡೆ. ಏರಲ್ಲಿ ಭಾರ ಹಿಂದಕ್ಕೆ, ಅಂದ್ರೆ ಕೆಳಗಿನ ಚಕ್ರಗಳ ಮೇಲೆ ಬೀಳುತ್ತೆ. ಮುಂದಿನ ಚಕ್ರ ಎಳೆಯೋ ಗಾಡಿಗೆ ಬೇಕಾದ ಕಡೆನೇ ಭಾರ ಇರಲ್ಲ. ತಿರುಗಿಸಿ ಹಿಂದಾಗಿ ಹತ್ತಿಸಿದ್ರೆ ಎಳೆಯೋ ಚಕ್ರವೇ ಕೆಳಗೆ ಬಂತು, ಭಾರ ಅದ್ರ ಮೇಲೇ. ಇಳಿಜಾರಿನ ಲೆಕ್ಕ ಹದಿನಾರು ವರ್ಷದಿಂದ ಬೋರ್ಡ್ ಮೇಲೆ ಬಿಡಿಸ್ತಾ ಇದ್ದೀನಿ, ಮನೆ ಮುಂದೆ ಹೊಳೀಲಿಲ್ಲ! ಮಾರನೇ ದಿನ ಸಂಜೆ ಮಳೆ ಬಂದು ನಿಂತಿತ್ತು. ಉಣುಗೋಲು ತೆಗೆದು, ಗಾಡಿ ತಿರುಗಿಸಿ, ರಿವರ್ಸ್ ಹಾಕಿದೆ. ಅರ್ಧದಲ್ಲಿ ಒಂದು ಸಲ ಬುರ್ ಅಂತು, ಆಮೇಲೆ ಕಚ್ಕೊಂಡು ಅಂಗಳ ತನಕ ಬಂತು. ಆಳುಗಳ ಲೈನ್ ಮನೆಯ ಹೆಂಗಸರು ಕೆಲಸ ಬಿಟ್ಟು ನೋಡ್ತಾ ಇದ್ರು. "ಅಮ್ಮಾವ್ರಿಗೆ ಇವತ್ತು ಹಿಂದೆ ಮುಂದೆ ಗೊತ್ತಾಗ್ತಿಲ್ಲ" ಅಂತ ಮಾತಾಡ್ಕೊಂಡಿದ್ದು ಆಮೇಲೆ ನನ್ನ ಕಿವಿಗೂ ಬಿತ್ತು.

ನಮ್ಮನೆಯವರು ಜಗಲಿ ಮೇಲೆ ನಿಂತು ನೋಡಿದ್ರು. ಏನೂ ಮಾತಾಡ್ಲಿಲ್ಲ. ಅವತ್ತಿಂದ ಸ್ಕಾರ್ಪಿಯೋ ವಿಡಿಯೋ ಸ್ವಲ್ಪ ಸೌಂಡ್ ಕಮ್ಮಿ ಇಟ್ಟು ನೋಡ್ತಾರೆ.

ಆಮೇಲೆ ಮಾವನ ಕೋಲು. ಮಾವ ಎಲ್ಲಿ ಕೂತ್ರೆ ಯಾರ ಕೈನೂ ಹಿಡೀದೆ ಏಳ್ತಾರೆ ಅಂತ ಒಂದು ವಾರ ಗಮನಿಸಿದೆ. ಕುರ್ಚಿಯಿಂದ ಕಷ್ಟ, ಸೋಫಾದಿಂದ ಸಾಧ್ಯನೇ ಇಲ್ಲ, ಜಗಲಿ ಕಟ್ಟೆಯಿಂದ ಮಾತ್ರ ಪಟ್ಟಂತ ಏಳ್ತಾರೆ. ಸರಿ, ಒಂದು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ತಗೊಂಡು ಜಗಲಿ ಎತ್ತರಕ್ಕೆ ಕತ್ತರಿಸಿದೆ. ಅದನ್ನ ಹಿಡ್ಕೊಂಡು ಚಿಕ್ಕಮಗಳೂರು, ಹಾಸನ ಎರಡೂ ಕಡೆ ಶೋರೂಮಿಗೆ ಹೋದೆ. ಬಾಗಿಲು ತೆಗೆದು ನೆಲಕ್ಕೆ ದಬ್ಬೆ ಊರಿ, ತುದಿ ಸೀಟಿನ ಅಂಚಿಗೆ ಎಲ್ಲಿ ಬರುತ್ತೆ ಅಂತ ನೋಡೋದು. ಒಂದು ಕಡೆ ಸೇಲ್ಸ್ ಹುಡುಗ "ಮೇಡಂ, ವಾಸ್ತು ನೋಡ್ತಿದ್ದೀರಾ?" ಅಂದ.

ಸ್ಕಾರ್ಪಿಯೋದಲ್ಲಿ ಸೀಟು ದಬ್ಬೆಗಿಂತ ಗೇಣುದ್ದ ಮೇಲೆ. ಫುಟ್‌ಬೋರ್ಡ್ ಹಾಕಿಸ್ಬೋದು, ಆದ್ರೆ ಹತ್ತುವಾಗ ಮೊದಲು ಬಲಗಾಲು ಎತ್ತಬೇಕು, ಅದೇ ಆಗದಿರೋ ಕಾಲು. ಕ್ರೆಟಾ, ಎಲಿವೇಟ್, ಗ್ರ್ಯಾಂಡ್ ವಿಟಾರಾ ಮೂರ್ರಲ್ಲೂ ದಬ್ಬೆ ತುದಿ ಸೀಟಿನ ಹತ್ರಹತ್ರಕ್ಕೇ ಬಂತು, ಎರಡು ಬೆರಳು ಆಚೆ ಈಚೆ. ಟೈಗುನ್‌ದು ಚೂರು ಕೆಳಗೆ ಅನ್ನಿಸ್ತು. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಲಿ ಐದು ಸ್ಟಾರ್ ತಗೊಂಡಿದ್ದು ಅದು, ಓಡಿಸೋಕೂ ಎಲ್ಲಕ್ಕಿಂತ ಚೆಂದ, ಬಾಗಿಲು ಹಾಕಿದ್ರೆ ಬ್ಯಾಂಕ್ ಲಾಕರ್ ಥರ ಸದ್ದು. ನನ್ನೊಬ್ಬಳಿಗೇ ಆಗಿದ್ರೆ ಅದನ್ನೇ ತರ್ತಿದ್ದೆ.

ನಡು ದಿಬ್ಬನೂ ಅಳೆದೆ. ಅತಿ ಎತ್ತರ ಇರೋ ಕಡೆ ಹದಿನೇಳು ಸೆಂಟಿಮೀಟರ್. ಹಾಗಾಗಿ ಈಗ ಎರಡೇ ಉಳಿದಿವೆ: ಎಲಿವೇಟ್ ಪೆಟ್ರೋಲ್ ಕೈ ಗೇರ್, ಇಲ್ಲಾ ಗ್ರ್ಯಾಂಡ್ ವಿಟಾರಾ ನಾಲ್ಕು ಚಕ್ರದ್ದು. ಎರಡನೇದಕ್ಕೆ ಬಜೆಟ್ ದಾಟುತ್ತೆ. ಆ ಎಂಬತ್ತು ಅಡಿಗೋಸ್ಕರ ಲಕ್ಷಗಟ್ಟಲೆ ಜಾಸ್ತಿ ಕೊಡೋದು ಸರಿನಾ ಅನ್ನೋದೇ ಈಗಿನ ಪ್ರಶ್ನೆ.

ಬಿ.ಎಂ. ರೋಡ್ ಗ್ಯಾರೇಜ್ | 26 ಅಕ್ಟೋಬರ್

ಮೇಡಂ, ಆ ದುಡ್ಡು ಗಾಡಿಗೆ ಹಾಕ್ಬೇಡಿ, ಏರಿಗೆ ಹಾಕಿ.

ಪೂರ್ತಿ ಅಗಲ ಕಾಂಕ್ರೀಟ್ ಬೇಡ. ಚಕ್ರ ಹೋಗೋ ಜಾಗಕ್ಕೆ ಎರಡು ಪಟ್ಟಿ ಸಾಕು. ಒಂದೊಂದು ಎರಡಡಿ ಅಗಲ, ಅರ್ಧ ಅಡಿ ದಪ್ಪ, ಎಂಬತ್ತಡಿ ಉದ್ದ. ಲೆಕ್ಕ ಹಾಕಿದ್ರೆ 160 ಘನ ಅಡಿ, ನಾಲ್ಕೂವರೆ ಕ್ಯೂಬಿಕ್ ಮೀಟರ್. ಸಿಮೆಂಟು ಮೂವತ್ತೈದರಿಂದ ನಲವತ್ತು ಮೂಟೆ. ನಮ್ಮ ಭಾವ ಬೇಲೂರು ಹತ್ರ ತೋಟದಲ್ಲಿ ಇಷ್ಟೇ ಉದ್ದಕ್ಕೆ ಮಾಡಿಸಿದ್ರು, ಕೂಲಿ ಸೇರಿ ಐವತ್ತೈದು ಸಾವಿರ ಆಗಿತ್ತು. ತಿರುವಿನ ಜಾಗದಲ್ಲಿ ಪಟ್ಟಿ ಮೂರಡಿ ಅಗಲ ಮಾಡ್ಸಿ, ಹಿಂದಿನ ಚಕ್ರ ಒಳಗಡೆ ಕತ್ತರಿಸಿಕೊಂಡು ಬರುತ್ತೆ, ಎರಡಡಿಲಿ ಇದ್ರೆ ಜಾರಿ ಬೀಳುತ್ತೆ.

ಮೇಲ್ಮೈ ನುಣ್ಣಗೆ ಮಾಡೋಕೆ ಮೇಸ್ತ್ರಿನ ಬಿಡಬೇಡಿ. ಅವ್ರಿಗೆ ಕರಣೆ ಕೈಲಿ ಇದ್ರೆ ಮನೆ ನೆಲ ಥರ ನೈಸ್ ಮಾಡೋ ಚಟ. ಹಸಿ ಇರುವಾಗಲೇ ತೆಂಗಿನ ಪೊರಕೆಲಿ ಅಡ್ಡಕ್ಕೆ ಗೀರಿಸಿ. ಮೇಲಿನ ತುದಿಲಿ ಅಡ್ಡ ಚರಂಡಿ ಮಾಡಿ ನೀರು ಪಕ್ಕಕ್ಕೆ ಬಿಡ್ಸಿ, ಇಲ್ಲಾಂದ್ರೆ ಎರಡು ಮಳೆಗಾಲಕ್ಕೆ ಪಟ್ಟಿ ಕೆಳಗಿನ ಮಣ್ಣು ಕೊಚ್ಚಿಹೋಗಿ ಮುರಿಯುತ್ತೆ. ಇಪ್ಪತ್ತೊಂದು ದಿನ ನೀರು ಹಾಕಿ, ಗಾಡಿ ಹತ್ತಿಸಬೇಡಿ. ಗೋಣಿಚೀಲ ನೆನೆಸಿ ಹಾಕಿದ್ರೆ ಸಾಕು.

ಹಾನುಬಾಳ್ ಡಸ್ಟರ್ | 27 ಅಕ್ಟೋಬರ್

ನನ್ನ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು, ಆದ್ರೆ ಅಣ್ಣ ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಕಾಂಕ್ರೀಟ್ ಮೇಲೆ ಮೂರನೇ ವರ್ಷಕ್ಕೆ ಪಾಚಿ ಹಿಡಿಯುತ್ತೆ. ಮೇ ಕೊನೇಲಿ ಒಂದು ಸಲ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಆಮೇಲೆ ಟೈರು. ಶೋರೂಮ್ ಟೈರು ಮುಗಿದ ಮೇಲೆ ಸ್ವಲ್ಪ ಒರಟು ಕಚ್ಚಿನದ್ದು ಹಾಕ್ಸಿ. ಹದಿನೇಳು ಇಂಚಿನ ಮಿಂಚೋ ಚಕ್ರಕ್ಕಿಂತ ಹದಿನಾರು ಇಂಚಿನದ್ದು ನಮ್ಮ ರಸ್ತೆಗೆ ವಾಸಿ, ಟೈರಿನ ಗೋಡೆ ಎತ್ತರ ಇದ್ದಷ್ಟೂ ಗುಂಡಿ ಏಟು ರಿಮ್ಮಿಗೆ ಬೀಳಲ್ಲ. ಕೆಸರಲ್ಲಿ ಪೂರ್ತಿ ಹೂತ್ರೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡೋಕೆ ಮರೀಬೇಡಿ, ಅದು ಆನ್ ಇದ್ರೆ ಚಕ್ರ ತಿರುಗೋಕೇ ಬಿಡಲ್ಲ. ಹೊರಗೆ ಬಂದ ತಕ್ಷಣ ವಾಪಸ್ ಆನ್ ಮಾಡಿ.

ಆಲ್ದೂರು ಫಿಸಿಕ್ಸ್ | 14 ಡಿಸೆಂಬರ್

ಕಾಫಿ ಕೊಯ್ಲು ಶುರುವಾಗೋ ಮುಂಚೆ ಆಳುಗಳು ಸಿಕ್ಕಿದ್ರು, ಪಟ್ಟಿ ಹಾಕಿಸಿ ಆಯ್ತು. ನಮಗೆ ಅರವತ್ತೆರಡು ಸಾವಿರ ಬಿತ್ತು, ಜಲ್ಲಿ ಟ್ರ್ಯಾಕ್ಟರ್ ಒಳಗೆ ಬರೋಕೆ ಬಾಡಿಗೆ ಜಾಸ್ತಿ ಕೇಳಿದ್ರು. ಪೊರಕೆ ವಿಷಯಕ್ಕೆ ಮೇಸ್ತ್ರಿಗೂ ನನಗೂ ಜಗಳವೇ ಆಯ್ತು. "ಅಮ್ಮಾ, ಗೀರು ಹಾಕಿದ್ರೆ ನನ್ನ ಹೆಸರು ಹಾಳಾಗುತ್ತೆ" ಅಂದ. ಕೊನೆಗೆ ನಾನೇ ಸೀರೆ ಸೊಂಟಕ್ಕೆ ಸಿಗಿಸಿ ಪೊರಕೆ ಹಿಡಿದೆ. ಮೇಲಿನ ಹತ್ತು ಅಡಿ ಗೀರು ನನ್ನದು, ಸೊಟ್ಟ ಇದೆ. ನಡುವೆ ಒಂದು ಕಡೆ ನಾಯಿ ಹೆಜ್ಜೆ ನಾಲ್ಕು ಇವೆ, ಅದನ್ನೂ ಗ್ರಿಪ್ಪಿಗೆ ಅಂತ ಬಿಟ್ಟಿದ್ದೀವಿ.

ಬುಕ್ ಮಾಡೋ ಮುಂಚೆ ಟೆಸ್ಟ್ ಡ್ರೈವ್ ಅಂತ ಶೋರೂಮಿನ ಎಲಿವೇಟನ್ನೇ ಮನೆ ತನಕ ಕರೆಸಿದೆ. ಊರ ಬೈಪಾಸಲ್ಲಿ ಎರಡು ಕಿಲೋಮೀಟರ್ ಓಡಿಸಿ ಕೊಡ್ತೀನಿ ಅಂದ್ರು, ಆಗಲ್ಲ ಅಂದೆ. ಮಾವ, ಅತ್ತೆ, ನಾವಿಬ್ಬರು, ಸೇಲ್ಸ್ ಹುಡುಗ, ಡಿಕ್ಕಿಲಿ ಇಪ್ಪತ್ತೈದು ಕಿಲೋ ಅಕ್ಕಿ. ಐದು ಜನ ಕೂತು ನಡು ದಿಬ್ಬ ದಾಟಿದ್ವಿ, ಎಲ್ಲೂ ತಾಗ್ಲಿಲ್ಲ. ಒಂದು ಕಡೆ ಹುಲ್ಲು ಸರ್ ಅಂತ ಸವರಿತು, ಹುಡುಗನ ಮುಖ ನೋಡಬೇಕಿತ್ತು. ಪಟ್ಟಿ ಮೇಲೆ ಎರಡನೇ ಗೇರಲ್ಲಿ ಹೋಗೋಕೆ ನೋಡಿದೆ, ತಿರುವಲ್ಲಿ ಉಸಿರು ಕಟ್ತು, ಮೊದಲನೇದಕ್ಕೆ ಇಳಿಸಿದ್ಮೇಲೆ ಆರಾಮಾಗಿ ಹತ್ತಿತು. 145 ಎನ್ಎಂ ಅಂದ್ರೆ ಇಷ್ಟೇ, ಡೀಸೆಲ್ ಥರ ಕೆಳಗಿಂದ ಎಳೆಯಲ್ಲ, ಗೇರ್ ಕೈಲಿ ಇಟ್ಕೊಂಡೇ ಇರಬೇಕು.

ಎಲಿವೇಟ್, ಹದಿನಾರು ಇಂಚಿನ ಚಕ್ರದ್ದು, ಬುಕ್ ಮಾಡಿದ್ವಿ. ಹಿಂದಿನ ಸೀಟು ಅರ್ಧ ಮಾತ್ರ ಮಡಚೋಕೆ ಬರಲ್ಲ, ಮಡಚಿದ್ರೆ ಪೂರ್ತಿ. ನಾಲ್ಕು ಜನ ಕೂತು ಉದ್ದದ ಏಣಿ ತರ್ತೀನಿ ಅಂದ್ರೆ ಆಗಲ್ಲ. ಡಿಕ್ಕಿ 458 ಲೀಟರ್, ಮಾವನ ವಾಕರ್ ಮಡಚದೇನೇ ಹೋಯ್ತು. ಅತ್ತೆಯ ಪರೀಕ್ಷೆ ಇನ್ನೂ ಬಾಕಿ, ಗಾಡಿ ಬಂದ ಮೇಲೆ ಚಾರ್ಮಾಡಿಲೇ. ನಮ್ಮನೆಯವರಿಗೆ ಬಣ್ಣ ಆರಿಸೋ ಹಕ್ಕು ಕೊಟ್ಟಿದ್ದೀನಿ. ಬಿಳಿ ಅಂದ್ರು. ಈ ಕೆಂಪು ಮಣ್ಣಿಗೆ!

ಇನ್ನೊಂದೇ ಪ್ರಶ್ನೆ. ಮಡ್ ಫ್ಲ್ಯಾಪ್ ಶೋರೂಮಲ್ಲೇ ಹಾಕಿಸ್ಲಾ, ಹೊರಗಡೆ ಹಾಕಿಸ್ಲಾ?

ಬಿ.ಎಂ. ರೋಡ್ ಗ್ಯಾರೇಜ್ | 14 ಡಿಸೆಂಬರ್

ಶೋರೂಮಿಂದೇ ಹಾಕಿಸಿ, ಅಳತೆ ಸರಿ ಇರುತ್ತೆ. ಹೊರಗಡೆ ರಬ್ಬರಿಂದು ಹಾಕಿಸೋದಾದ್ರೆ ಪಕ್ಕದಲ್ಲೇ ನಿಂತ್ಕೊಳ್ಳಿ, ಇರೋ ತೂತಿಗೇ ಸ್ಕ್ರೂ ಹಾಕ್ಬೇಕು. ಡ್ರಿಲ್ಲಿಂಗ್ ಮೆಷಿನ್ ಕೈಗೆ ತಗೊಂಡ್ರೆ ಗಾಡಿ ವಾಪಸ್ ತನ್ನಿ. ಗಾಡಿ ಬಾಡಿಲಿ ಹೊಸ ತೂತು ಕೊರೆದ್ರೆ ನಿಮ್ಮೂರ ಮಳೆಗೆ ಅಲ್ಲಿಂದಲೇ ತುಕ್ಕು ಶುರು. ಮೊದಲ ಮಳೆಗಾಲ ಮುಗಿದ ಮೇಲೆ ಹಾಸನದ ಕಡೆ ಬಂದ್ರೆ ಗ್ಯಾರೇಜಿಗೆ ಬನ್ನಿ, ಕೆಳಗಡೆ ಒಂದ್ಸಲ ತೊಳೆದು ನೋಡೋಣ. ಆ ದಬ್ಬೆನೂ ತನ್ನಿ, ನಮ್ಮಪ್ಪನಿಗೂ ಒಂದು ಗಾಡಿ ನೋಡ್ತಾ ಇದ್ದೀವಿ.